ಅಟ್ಟದ ಕಾಯಿ, ಎಳನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮಾವನವರದು ತಿಪಟೂರು ಕಡೆಯ ತೆಂಗಿನ ತೋಟ. ಅಲ್ಲಿ ಕೊಬ್ಬರಿಗೆಂದು ಆರಿಸಿದ ಕಾಯನ್ನು ಅಟ್ಟಕ್ಕೆ ಏರಿಸುತ್ತಾರೆ. ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಅದು ಇರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ಅವಸರಪಟ್ಟು ಮೊದಲೇ ಒಡೆದರೆ ಕೈಗೆ ಏನೂ ಸಿಗುವುದಿಲ್ಲ. ಅದೇ ಮರದ ಎಳನೀರೋ, ಇಳಿಸಿದ ದಿನವೇ ಕುಡಿದು ಮುಗಿಸಬೇಕು.

ನಾನು ಮತ್ತು ನನ್ನ ಗಂಡ ಕೆನಡಾಕ್ಕೆ ವಲಸೆ ಹೋಗುವ ತಯಾರಿ ಶುರು ಮಾಡಿ ಆರು ವರ್ಷ ಕಳೆಯಿತು. ಇನ್ನೆರಡು ತಿಂಗಳಿಗೆ ಹೊರಡುತ್ತೇವೆ. ಈ ದಾರಿಯಲ್ಲಿ ಯಾವ ಕೆಲಸ ಅಟ್ಟದ ಕಾಯಿ, ಯಾವುದು ಎಳನೀರು ಎಂದು ನಮಗೆ ಮೊದಲೇ ಯಾರೂ ಹೇಳಲಿಲ್ಲ. ಗೊತ್ತಿಲ್ಲದೆ ಹಿಂದುಮುಂದು ಮಾಡಿ ವರ್ಷಗಳನ್ನೇ ಕಳೆದುಕೊಂಡೆವು. ನಿಮ್ಮಲ್ಲಿ ಯಾರಾದರೂ ಗಂಡ ಹೆಂಡತಿ ಈಗಷ್ಟೇ ಈ ಯೋಚನೆಗೆ ಕೈ ಹಾಕಿದ್ದರೆ ಅವರಿಗಾಗಿ ಈ ಮಾತು.

2019ರಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಕೂತೆವು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎನ್ನುವ ವ್ಯವಸ್ಥೆ 2015ರ ಜನವರಿಯಲ್ಲಿ ಬಂದದ್ದು. ವಯಸ್ಸು, ಓದು, ಭಾಷೆ, ಅನುಭವ ಎಲ್ಲಕ್ಕೂ ಅಂಕ ಕೊಟ್ಟು, ಹೆಚ್ಚು ಅಂಕ ಇದ್ದವರನ್ನು ಕರೆಯುತ್ತಾರೆ. ಗಂಡ ಹೆಂಡತಿ ಸೇರಿ ಅರ್ಜಿ ಹಾಕಿದರೆ ಒಬ್ಬರು ಮುಖ್ಯ ಅರ್ಜಿದಾರರು, ಇನ್ನೊಬ್ಬರು ಅವರ ಜೊತೆಗಾರರು. ನಮ್ಮ ಎರಡೂ ಮನೆಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಹುಡುಗ ಅರ್ಜಿ ಹಾಕಲಿ, ಹುಡುಗಿ ಜೊತೆಗೆ ಹೋಗಲಿ. ನಾವೂ ಮೊದಲ ಹತ್ತು ಪುಟ ಹಾಗೆಯೇ ಬರೆದೆವು. ಒಂದು ಭಾನುವಾರ ಮಧ್ಯಾಹ್ನ ನನ್ನ ಗಂಡನೇ, "ನಿನ್ನ ಹೆಸರಲ್ಲಿ ಹಾಕಿ ಒಂದು ಸಲ ಲೆಕ್ಕ ಮಾಡೋಣ ಇರು" ಅಂದರು. ಅವರದು ಡಿಪ್ಲೊಮಾ, ಪೀಣ್ಯದಲ್ಲಿ ಸಿಎನ್‌ಸಿ ಯಂತ್ರದ ಕೆಲಸ. ನನ್ನದು ಡಿಗ್ರಿ, ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ನಾನು ಅವರಿಗಿಂತ ನಾಲ್ಕು ವರ್ಷ ಚಿಕ್ಕವಳು. ಆ ನಾಲ್ಕು ವರ್ಷವೇ ಎಲ್ಲವನ್ನೂ ತಿರುಗಿಸಿತು. ಜೋಡಿಯಾಗಿ ಅರ್ಜಿ ಹಾಕುವವರಲ್ಲಿ ಮುಖ್ಯ ಅರ್ಜಿದಾರರಿಗೆ 29ರವರೆಗೆ ವಯಸ್ಸಿಗೆ ಪೂರ್ತಿ 100 ಅಂಕ. 30ಕ್ಕೆ 95, 31ಕ್ಕೆ 90, ಹೀಗೆ ಪ್ರತಿ ಹುಟ್ಟುಹಬ್ಬಕ್ಕೆ ಐದೈದು ಇಳಿಯುತ್ತದೆ. 40 ದಾಟಿದ ಮೇಲೆ ಹತ್ತತ್ತು. 45ಕ್ಕೆ ಸೊನ್ನೆ. ಜೊತೆಗಾರರ ವಯಸ್ಸಿಗೆ ಅಂಕವೇ ಇಲ್ಲ, ಅವರ ಓದಿಗೂ ಭಾಷೆಗೂ, ಕೆನಡಾದಲ್ಲಿ ಕೆಲಸ ಮಾಡಿದ್ದರೆ ಅದಕ್ಕೂ ಒಂದಷ್ಟು ಸೇರುತ್ತದೆ ಅಷ್ಟೆ. ಆ ಮಧ್ಯಾಹ್ನ ನೋಟ್‌ಬುಕ್ಕಿನ ಹನ್ನೊಂದನೇ ಪುಟದಲ್ಲಿ ನನ್ನ ಹೆಸರು ಮೇಲಕ್ಕೆ ಬಂತು.

ಇದನ್ನು ನಾನು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಇಬ್ಬರ ವಲಸೆ ಎಂದರೆ ಒಬ್ಬರ ವಲಸೆಗೆ ಇನ್ನೊಬ್ಬರನ್ನು ಕಟ್ಟಿಕೊಂಡು ಹೋಗುವುದಲ್ಲ. ಎರಡೂ ರೀತಿ ಲೆಕ್ಕ ಹಾಕದೆ ಒಂದು ಹೆಜ್ಜೆಯೂ ಇಡಬೇಡಿ. ಅಂಕಕ್ಕಾಗಿ ಮಾತ್ರವಲ್ಲ. ಯಾರ ಕೆಲಸಕ್ಕೆ ಅಲ್ಲಿ ಮತ್ತೆ ಪರವಾನಗಿ ಬೇಕು, ಯಾರ ಕೆಲಸಕ್ಕೆ ಬೇಡ ಎನ್ನುವುದೂ ಆಗಲೇ ಗೊತ್ತಾಗುತ್ತದೆ. ನನ್ನ ಲ್ಯಾಬ್ ಕೆಲಸಕ್ಕೆ ಅಲ್ಲಿನ ವೃತ್ತಿಸಂಸ್ಥೆ ನನ್ನ ಓದನ್ನು ತೂಗಿ ನೋಡಬೇಕು, ಪರೀಕ್ಷೆ ಬರೆಯಬೇಕು. ಅರ್ಜಿಯಲ್ಲಿ ಮುಂದೆ ಇರುವವಳು ನಾನು, ಹೋದ ಮೊದಲ ವರ್ಷ ಮನೆ ನಡೆಸುವ ಸಂಬಳ ತರುವವರು ಅವರು. ಇದು ನಮ್ಮಿಬ್ಬರಿಗೂ 2019ರಲ್ಲೇ ಗೊತ್ತಿತ್ತು. ಹಾಗಾಗಿ ಮನಸ್ಸು ಮುರಿಯಲಿಲ್ಲ.

ಇನ್ನು ಅಟ್ಟದ ಕಾಯಿಗೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ಅಟ್ಟಕ್ಕೆ ಏರಿಸಬೇಕಾದದ್ದು ನಿಮ್ಮ ಹೆಸರು.

ನಗಬೇಡಿ. ನಮ್ಮ ಹಳೇ ಮೈಸೂರು ಕಡೆಯವರಿಗೆ ಮನೆತನದ ಹೆಸರು ಎನ್ನುವುದು ಬಹಳ ಜನಕ್ಕೆ ಇಲ್ಲ. ಇನಿಷಿಯಲ್ ಇದೆ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಒಂದು ಊರಿನದು, ಒಂದು ಅಪ್ಪನದು. ಡಿಗ್ರಿ ಸರ್ಟಿಫಿಕೇಟಿನಲ್ಲಿ ಅವೇ ಎರಡು ಅಕ್ಷರ ಹೆಸರಿನ ಹಿಂದೆ ಹೋಗಿ ಕೂತಿದ್ದವು. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದ ಮೇಲೆ ಅಪ್ಪನ ಹೆಸರು ನನ್ನ ಸರ್‌ನೇಮ್ ಆಯಿತು. ಆಧಾರ್‌ನಲ್ಲಿ ಮದುವೆಯಾದ ಮೇಲೆ ಗಂಡನ ಹೆಸರು ಸೇರಿತ್ತು. ಒಂದು ರಾತ್ರಿ ಟ್ರಂಕು ತೆಗೆದು ಚಾಪೆಯ ಮೇಲೆ ಎಲ್ಲ ಕಾಗದ ಹರಡಿದಾಗ ನಾನು ನಾಲ್ಕು ಜನ ಆಗಿದ್ದೆ. ನಾಲ್ಕೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿದೆವು. ಅದು ಸಾಲಲಿಲ್ಲ. ಡಿಗ್ರಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಅದನ್ನು ತಿದ್ದಿಸಿ, ಅಂಕಗಳ ವಿವರವಿರುವ ಟ್ರಾನ್ಸ್‌ಕ್ರಿಪ್ಟ್ ತೆಗೆಸಿ, ಲಕೋಟೆಗೆ ಸೀಲು ಹಾಕಿಸುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ಅಲ್ಲಿನ ಒಬ್ಬ ಗುಮಾಸ್ತೆ, ಊಟದ ಹೊತ್ತಿನಲ್ಲೂ ನನ್ನ ಫೈಲು ಹುಡುಕಿಕೊಟ್ಟ ಹೆಂಗಸು, ಈಗಲೂ ನನ್ನ ಕಣ್ಣ ಮುಂದೆ ಇದ್ದಾರೆ.

ಹೆಸರು, ಹುಟ್ಟಿದ ದಿನ, ಮದುವೆಯ ನೋಂದಣಿ, ಇವು ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ. ಇವತ್ತೇ ಮಾಡಿಸಿ. ನಮ್ಮ ಮದುವೆ ಛತ್ರದಲ್ಲಿ ಆರು ನೂರು ಜನರ ಮುಂದೆ ಆದದ್ದು. ಆ ಆರು ನೂರು ಜನರ ಸಾಕ್ಷಿಗಿಂತ ಸಬ್ ರಿಜಿಸ್ಟ್ರಾರ್ ಆಫೀಸಿನ ಒಂದು ಹಾಳೆಗೆ ಅಲ್ಲಿ ಬೆಲೆ.

ಭಾಷೆಯ ಕಲಿಕೆ ಅಟ್ಟದ ಕಾಯಿ. ಭಾಷೆಯ ಪರೀಕ್ಷೆ ಎಳನೀರು. ಈ ವ್ಯತ್ಯಾಸ ನಮಗೆ ತಿಳಿಯಲಿಲ್ಲ. ಉತ್ಸಾಹದಲ್ಲಿ 2019ರಲ್ಲೇ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆದುಬಿಟ್ಟೆವು. ಆ ಫಲಿತಾಂಶ ಎರಡೇ ವರ್ಷಕ್ಕೆ ಹಳಸುತ್ತದೆ. ಅಷ್ಟರಲ್ಲಿ ಕೋವಿಡ್ ಬಂತು. 2020ರ ಡಿಸೆಂಬರ್ ಕೊನೆಯಿಂದ 2022ರ ಜುಲೈವರೆಗೆ ನಮ್ಮಂತೆ ಹೊರಗಿನಿಂದ ನೇರವಾಗಿ ಅರ್ಜಿ ಹಾಕಿದ ನುರಿತ ಕೆಲಸಗಾರರನ್ನು ಆ ದೇಶ ಕರೆಯಲೇ ಇಲ್ಲ. ಪರೀಕ್ಷೆಗೆ ಕೊಟ್ಟ ದುಡ್ಡು ಹೋಯಿತು, ನನ್ನ ವಯಸ್ಸಿನ ಅಂಕ ಇಳಿಯುತ್ತಾ ಬಂತು. ನಾನು ಆಗ ದಿನವಿಡೀ ಪಿಪಿಇ ಕಿಟ್ ಹಾಕಿಕೊಂಡು ಸ್ವಾಬ್ ಸ್ಯಾಂಪಲ್ ನೋಡುತ್ತಿದ್ದೆ. ಮನೆಗೆ ಬಂದರೆ ಈ ನೋಟ್‌ಬುಕ್ ಮುಟ್ಟುವ ಮನಸ್ಸು ಇರುತ್ತಿರಲಿಲ್ಲ.

ಫ್ರೆಂಚ್ ಹಿಡಿದದ್ದು ಆಗ. 2020ರ ಅಕ್ಟೋಬರ್‌ನಲ್ಲಿ ಇಂಗ್ಲಿಷಿನ ಜೊತೆ ಫ್ರೆಂಚ್ ಚೆನ್ನಾಗಿ ಬರುವವರಿಗೆ ಕೊಡುವ ಹೆಚ್ಚುವರಿ ಅಂಕವನ್ನು 50ಕ್ಕೆ ಏರಿಸಿದರು. ವಯಸ್ಸು ಕಿತ್ತುಕೊಳ್ಳುವುದನ್ನು ನಾಲಿಗೆ ತುಂಬಿಕೊಡಬಹುದು ಅನ್ನಿಸಿತು. ರಾತ್ರಿ ಎಂಟೂವರೆಗೆ ಆನ್‌ಲೈನ್ ಕ್ಲಾಸು. ಅವರ 'ರ'ಕಾರ ಗಂಟಲಿನ ಆಳದಿಂದ ಬರಬೇಕು, ನಮ್ಮದು ನಾಲಿಗೆಯ ತುದಿಯಲ್ಲಿ ಉರುಳುವುದು. ತೊಂಬತ್ತು ಅನ್ನಬೇಕಾದರೆ ನಾಲ್ಕು ಇಪ್ಪತ್ತು ಮತ್ತು ಹತ್ತು ಅನ್ನಬೇಕು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕ್ರಿಯಾಪದ ಒಪ್ಪಿಸುತ್ತಿದ್ದೆ. ನನ್ನ ಗಂಡ ಪುಸ್ತಕ ಹಿಡಿದು ತಪ್ಪು ಗುರುತು ಹಾಕುತ್ತಿದ್ದರು. ಅವರಿಗೆ ಫ್ರೆಂಚ್ ಬಾರದು, ಆದರೂ ಮೂರು ವರ್ಷ ಒಂದು ರಾತ್ರಿಯೂ ತಪ್ಪಿಸಲಿಲ್ಲ. ಭಾಷೆಯನ್ನು ಆರು ತಿಂಗಳಲ್ಲಿ ಕಲಿಸಿಬಿಡುತ್ತೇವೆ ಎಂದು ಬೋರ್ಡು ಹಾಕಿದವರನ್ನು ನಂಬಬೇಡಿ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕರಲ್ಲೂ ಅವರು ಕೇಳುವ ಏಳನೇ ಮಟ್ಟ ಮುಟ್ಟಲು ನನಗೆ ಮೂರು ವರ್ಷ ಬೇಕಾಯಿತು.

2023ರಲ್ಲಿ ಫ್ರೆಂಚ್ ಬಲ್ಲವರಿಗೆಂದೇ ಬೇರೆ ಸುತ್ತು ಶುರುವಾಯಿತು. ನಮ್ಮ ಒಟ್ಟು ಅಂಕ 400. ಅದರಲ್ಲಿ 62 ಫ್ರೆಂಚಿನದು. 2025ರ ಫೆಬ್ರವರಿಯ ಫ್ರೆಂಚ್ ಸುತ್ತು 428ಕ್ಕೆ ನಿಂತಿತು, ಅದಕ್ಕಿಂತ ಕಡಿಮೆ ಅಂಕದವರಿಗೆ ಕರೆ ಇಲ್ಲ. ಆ ರಾತ್ರಿ ಇಬ್ಬರೂ ಮಾತಾಡಲಿಲ್ಲ. ಮಾರ್ಚ್ 21ರ ಸುತ್ತಿನಲ್ಲಿ 7,500 ಜನರನ್ನು ಕರೆದರು, 379ರವರೆಗೆ ಇಳಿಯಿತು. ನಮಗೆ ಕರೆ ಬಂತು.

ಕರೆ ಬಂದ ಮೇಲೆ 60 ದಿನ ಮಾತ್ರ. ಎಳನೀರಿನ ಕಾಗದಗಳ ಕಾಲ ಇದು. ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್, ಕೆನಡಾದವರು ಗೊತ್ತು ಮಾಡಿದ ಡಾಕ್ಟರ ಹತ್ತಿರ ಆರೋಗ್ಯ ತಪಾಸಣೆ, ಕೆಲಸದ ಅನುಭವದ ಪತ್ರ. ಅಟ್ಟದ ಕಾಯಿ ಒಣಗಿದ್ದರೆ ಇಷ್ಟಕ್ಕೆ 60 ದಿನ ಧಾರಾಳ.

ದುಡ್ಡಿನ ಮಾತು. ಇಬ್ಬರು ಹೋಗುವುದಾದರೆ ಅಲ್ಲಿ ನೆಲೆ ನಿಲ್ಲಲು ಇಷ್ಟು ಹಣ ನಮ್ಮದೇ ಇದೆ ಎಂದು ತೋರಿಸಬೇಕು. 2025ರ ಜುಲೈ ಪಟ್ಟಿಯಂತೆ ಅದು 19,001 ಕೆನಡಾ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 12 ಲಕ್ಷ ರೂಪಾಯಿ. ಸಾಲ ತಂದು ತೋರಿಸುವಂತಿಲ್ಲ. ಹಿಂದಿನ ಆರು ತಿಂಗಳ ಸರಾಸರಿಯನ್ನೂ ನೋಡುತ್ತಾರೆ. ಇದಲ್ಲದೆ ಅರ್ಜಿಯ ಶುಲ್ಕ ತಲೆಗೆ 1,525 ಡಾಲರ್ ಕಟ್ಟಿದೆವು. ನಾವು ತಿಂಗಳ ಚೀಟಿ ಹಾಕಿದ್ದೆವು. ಎತ್ತಿದ ಚೀಟಿಯ ಹಣ ಒಮ್ಮೆಲೇ ಖಾತೆಗೆ ಬಿದ್ದರೆ ಎಲ್ಲಿಂದ ಬಂತು ಎಂದು ವಿವರ ಕೊಡಬೇಕಾಗುತ್ತದೆ. ಅದಕ್ಕೇ ಒಂದು ವರ್ಷ ಮೊದಲೇ ಎತ್ತಿ ಬ್ಯಾಂಕಿಗೆ ಹಾಕಿದೆವು.

ಏಜೆಂಟರ ಬಗ್ಗೆ ಒಂದು ಮಾತು ಹೇಳಲೇಬೇಕು, ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಆ ಬಲೆಗೆ ಬಿದ್ದು ಅಮ್ಮನ ಬಳೆ ಕಳೆದುಕೊಂಡರು. ಕೆಲಸದ ಆಫರ್ ಲೆಟರ್ ಕೊಡಿಸುತ್ತೇವೆ, ಅದಕ್ಕೆ ಅಂಕ ಬರುತ್ತದೆ ಎಂದು ಲಕ್ಷಗಟ್ಟಲೆ ಕೀಳುವವರಿದ್ದಾರೆ. ಇಂಥ ಮೋಸ ಹೆಚ್ಚಾಯಿತೆಂದೇ 2025ರ ಮಾರ್ಚ್ 25ರಿಂದ ಆಫರ್ ಲೆಟರಿನ ಅಂಕವನ್ನೇ ಕೆನಡಾ ತೆಗೆದುಹಾಕಿತು. ಈಗಲೂ ಯಾರಾದರೂ ಆ ಅಂಕದ ಆಸೆ ತೋರಿಸಿದರೆ ಎದ್ದು ಬನ್ನಿ.

ಇಷ್ಟೆಲ್ಲ ಕಾಗದ ಅಟ್ಟಕ್ಕೆ ಏರಿಸಿದ ನಾವು ಒಂದನ್ನು ಮಾತ್ರ ತೀರಾ ತಡವಾಗಿ ಮಾಡಿದೆವು. ಅತ್ತೆ ಮಾವನಿಗೆ ಹೇಳಿದ್ದು. ಕರೆ ಬಂದ ಮೇಲೆ ಹೇಳೋಣ, ಸುಮ್ಮನೆ ಯಾಕೆ ಅವರ ನಿದ್ದೆ ಕೆಡಿಸುವುದು ಎಂದುಕೊಂಡಿದ್ದೆವು. ಅದು ತಪ್ಪು. ಯುಗಾದಿಗೆ ಊರಿಗೆ ಹೋಗಿ ಹೇಳಿದಾಗ ಮಾವ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ತ್ವಾಟ ಮಾರಬೇಕಾಯ್ತದೇನಪ್ಪಾ?" ಆರು ವರ್ಷದ ನೋಟ್‌ಬುಕ್ಕಿನಲ್ಲಿ ಅಂಕ ಇತ್ತು, ಡಾಲರ್ ಇತ್ತು, ಆ ಪ್ರಶ್ನೆ ಇರಲಿಲ್ಲ.

ಉತ್ತರ ಹುಡುಕಿದೆವು. ಮಾರಬೇಕಾಗಿಲ್ಲ. ಹೊರದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಆದರೆ ಇಲ್ಲಿದ್ದಾಗ ಪಡೆದದ್ದು, ಹಿರಿಯರಿಂದ ಬಂದದ್ದು ನಮ್ಮದಾಗಿಯೇ ಉಳಿಯುತ್ತದೆ. ಮುಂದೆಂದಾದರೂ ಮಾರಿದರೆ ಇಲ್ಲಿ ನೆಲೆಸಿರುವ ಭಾರತದ ಪ್ರಜೆಗೇ ಮಾರಬೇಕು. ನಮ್ಮ ಉಳಿತಾಯ ಖಾತೆಯನ್ನು ಹೊರದೇಶದಲ್ಲಿ ನೆಲೆಸಿದವರಿಗೆಂದಿರುವ ಎನ್‌ಆರ್‌ಒ ಮಾಡಿಸಬೇಕು. ಈಗಿರುವ ಪಿಪಿಎಫ್ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದು ತೆರೆಯಲಾಗದು. ಇವನ್ನು ಒಂದೊಂದಾಗಿ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಮಾವನ ಕೈಗೆ ಕೊಟ್ಟೆ. ಆ ಹಾಳೆಯನ್ನು ಅವರು ಪಹಣಿಯ ಜೊತೆ ಬೀರುವಿನಲ್ಲಿ ಇಟ್ಟಿದ್ದಾರೆ.

ಪೌರತ್ವದ ವಿಷಯವನ್ನೂ ಅವರ ಮುಂದೆಯೇ ಮಾತಾಡಿದೆವು. ಅಲ್ಲಿ ಕಾಯಂ ನೆಲೆಸುವ ಅನುಮತಿ, ಅಂದರೆ ಪಿಆರ್, ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಪೌರತ್ವಕ್ಕೆ 1,095 ದಿನ. ನಮ್ಮ ಸಂವಿಧಾನ ಎರಡು ಪೌರತ್ವ ಒಪ್ಪುವುದಿಲ್ಲ, ಅಲ್ಲಿನದು ತೆಗೆದುಕೊಂಡ ದಿನ ಇಲ್ಲಿನದು ಹೋಗುತ್ತದೆ. ಅದನ್ನು ತೆಗೆದುಕೊಳ್ಳುವುದೋ ಬಿಡುವುದೋ ನಾವಿನ್ನೂ ತೀರ್ಮಾನಿಸಿಲ್ಲ. ತೀರ್ಮಾನ ಮಾಡುವಾಗ ನಾಲ್ಕೂ ಜನ ಕೂತು ಮಾಡುತ್ತೇವೆ ಎಂದು ಮಾತು ಕೊಟ್ಟಿದ್ದೇವೆ.

ನಾವು ಹೋಗುವ ಊರು ಮಾಂಕ್ಟನ್. ಫ್ರೆಂಚ್ ಎಂದರೆ ಎಲ್ಲರೂ ಕ್ವಿಬೆಕ್ ಅಂದುಕೊಳ್ಳುತ್ತಾರೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಹೋಗುವವರು ಕ್ವಿಬೆಕ್ ಬಿಟ್ಟು ಬೇರೆ ಪ್ರಾಂತ್ಯದಲ್ಲಿ ನೆಲೆಸುವವರಾಗಿರಬೇಕು. ಮಾಂಕ್ಟನ್ ಇರುವುದು ನ್ಯೂ ಬ್ರನ್ಸ್‌ವಿಕ್‌ನಲ್ಲಿ, ಇಂಗ್ಲಿಷ್ ಫ್ರೆಂಚ್ ಎರಡೂ ಅಧಿಕೃತವಾಗಿರುವ ಒಂದೇ ಪ್ರಾಂತ್ಯ ಅದು. ಅಲ್ಲಿ ಪೆಟಿಕೋಡಿಯಾಕ್ ಎಂಬ ಕೆಸರು ಬಣ್ಣದ ನದಿ ಇದೆ. ಸಮುದ್ರದ ಉಬ್ಬರ ಬಂದಾಗ ಅಲೆ ಎದ್ದು ನೀರು ಹಿಂದಕ್ಕೆ ಹರಿಯುತ್ತದೆ. ನನ್ನ ಗಂಡ ಮೊಬೈಲಿನಲ್ಲಿ ಅದನ್ನು ಅತ್ತೆಗೆ ತೋರಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿ, "ನಿಜವಾಗ್ಲೂ ಹಿಂದಕ್ಕೆ ಹರೀತದೇನವ್ವಾ? ನಾನು ಬಂದು ಕಣ್ಣಾರೆ ನೋಡ್‌ಬೇಕು" ಅಂದರು.

ತಂದೆತಾಯಿಗೆ ಸೂಪರ್ ವೀಸಾ ಎಂದು ಇದೆ. ಒಂದು ಸಲ ಹೋದರೆ ಐದು ವರ್ಷದವರೆಗೆ ಇರಬಹುದು. ಕರೆಸುವವರಿಗೆ ಇಷ್ಟು ಆದಾಯ ಇರಬೇಕು, ಕನಿಷ್ಠ 1 ಲಕ್ಷ ಡಾಲರಿನ ಆರೋಗ್ಯ ವಿಮೆ ಮಾಡಿಸಬೇಕು. ಅದೆಲ್ಲ ಆಮೇಲಿನ ಮಾತು. ಅದಕ್ಕೂ ಮುಂಚೆ ಪಾಸ್‌ಪೋರ್ಟ್ ಬೇಕು. ಮೊನ್ನೆ ಅತ್ತೆಯ ಕಾಗದಗಳನ್ನು ತೆಗೆದು ಅದೇ ಚಾಪೆಯ ಮೇಲೆ ಹರಡಿದೆ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು. ಹುಟ್ಟಿದ ತಾರೀಕು ಎಲ್ಲೂ ಒಂದೇ ಇಲ್ಲ. ನೋಟ್‌ಬುಕ್ಕಿನಲ್ಲಿ ಇನ್ನೂ ಇಪ್ಪತ್ತು ಪುಟ ಖಾಲಿ ಉಳಿದಿದ್ದವು, ಹೊಸ ಪುಟದ ಮೇಲೆ ಅವರ ಹೆಸರು ಬರೆದೆ. ಸೋಮವಾರ ಬೆಳಗ್ಗೆ ಅವರನ್ನು ಕರೆದುಕೊಂಡು ತಿಪಟೂರಿನ ಆಧಾರ್ ಕೇಂದ್ರಕ್ಕೆ ಹೋಗುತ್ತಿದ್ದೇನೆ.

ನಮಸ್ಕಾರ.