ಪಿಕಪ್ ಗಾಡಿಯ ಟರ್ಬೊ ಎಷ್ಟು ವರ್ಷ ಬಾಳುತ್ತದೆ?

ಕೇಳುಗರಿಗೆ ನಮಸ್ಕಾರ.

ಹಳೇ ಪಿಕಪ್ ಕೊಟ್ಟು ಹೊಸದು ತಗೋಬೇಕು ಅಂತ ಹೊರಟವರು ಗ್ಯಾರೇಜಿಗೆ ಬಂದರೆ ಮೊದಲು ಕೇಳುವುದು ಮೈಲೇಜು. ಆಮೇಲೆ ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ. "ಅಣ್ಣ, ಈ ಟರ್ಬೊ ಗಾಡಿ ಬಾಳಿಕೆ ಬರ್ತಾವಾ? ಲಕ್ಷ ಕಿಲೋಮೀಟರ್ ದಾಟಿದ್ಮೇಲೆ ಟರ್ಬೊ ಹೋಗ್ತೈತೆ, ಖರ್ಚು ತಡ್ಕೊಳಕ್ಕಾಗಲ್ಲ ಅಂತಾರಲ್ಲ?" ಚಳ್ಳಕೆರೆಯವರಾಗಲಿ ಜಗಳೂರಿನವರಾಗಲಿ, ಪ್ರಶ್ನೆ ಇದೇ. ನಾನು ಡೀಸೆಲ್ ಗಾಡಿಗಳ ಕೆಲಸದಲ್ಲೇ ಇರುವವನು. ಗ್ಯಾರೇಜಿನಲ್ಲಿ ನಿಂತ ಕಾಲಲ್ಲೇ ಕೊಡುವ ಉತ್ತರವನ್ನು ಇವತ್ತು ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ.

ಹೊಸ ಡೀಸೆಲ್ ಪಿಕಪ್ ಕೊಳ್ಳುವವರಿಗೆ ಟರ್ಬೊ ಬೇಕೋ ಬೇಡವೋ ಎಂಬ ಆಯ್ಕೆ ಈಗ ಬಹುಮಟ್ಟಿಗೆ ಉಳಿದಿಲ್ಲ. 2005ರಲ್ಲಿ ಟಾಟಾ ಏಸ್ ರಸ್ತೆಗೆ ಇಳಿದಾಗ ಅದರಲ್ಲಿದ್ದದ್ದು ಎರಡು ಸಿಲಿಂಡರಿನ, 700 ಸಿಸಿ ಆಸುಪಾಸಿನ ಸಣ್ಣ ಎಂಜಿನ್. ಟರ್ಬೊ ಇರಲಿಲ್ಲ. ಎಂಜಿನ್ ತನ್ನಷ್ಟಕ್ಕೆ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟರಲ್ಲೇ ಅದರ ಸಂಸಾರ. ಆದರೆ ಟನ್ನಿಗೂ ಮೀರಿ ಹೊರೆ ಹೊರುವ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡಿನ ದೋಸ್ತ್ ಇಂಥವುಗಳಿಗೆ ಅಷ್ಟು ಗಾಳಿ ಸಾಲದು. ಜೊತೆಗೆ ಹೊಗೆಯ ಕಾನೂನು ಬೇರೆ. ದೇಶಕ್ಕೆಲ್ಲ ಬಿಎಸ್-4 ಎಂಬ ಹೊಗೆಯ ಮಿತಿ ಬಂದದ್ದು 2017ರ ಏಪ್ರಿಲ್‌ನಲ್ಲಿ, ಅದಕ್ಕಿಂತ ಬಿಗಿಯಾದ ಬಿಎಸ್-6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಆ ಮಿತಿಯೊಳಗೇ ಇದ್ದು ಲೋಡನ್ನೂ ಎಳೆಯಬೇಕಾದರೆ ಗಾಳಿಯನ್ನು ಒತ್ತಿ ತುಂಬದೆ ದಾರಿಯಿಲ್ಲ.

ಕಮ್ಮಾರನ ಕುಲುಮೆಯಲ್ಲಿ ತಿದಿ ಇರುತ್ತದಲ್ಲ, ಟರ್ಬೊ ಮಾಡುವ ಕೆಲಸವೂ ಅದೇ. ಆದರೆ ಈ ತಿದಿಯನ್ನು ಒತ್ತಲು ಆಳು ಬೇಡ, ಬೆಂಕಿಯಿಂದ ಹೊರಟ ಹೊಗೆಯೇ ಒತ್ತುತ್ತದೆ. ನಾವು ಹಾಕಿಸಿದ ಡೀಸೆಲ್‌ನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಸೈಲೆನ್ಸರ್ ಹಾದು ಗಾಳಿಗೆ ಹೋಗುತ್ತದೆ. ಹಾಗೆ ಹೋಗುವ ಹೊಗೆಗೆ ದಾರಿಯಲ್ಲೊಂದು ಚಕ್ರ ಇಟ್ಟು ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್‌ಗೆ ಗಾಳಿ ನೂಕುವುದು, ಇಷ್ಟೇ ಉಪಾಯ. ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಎಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ನಮ್ಮ ಹೆದ್ದಾರಿಯಲ್ಲಿ ಹುಬ್ಬಳ್ಳಿಗೂ ಬೆಂಗಳೂರಿಗೂ ಓಡಾಡುವ ಲಾರಿಗಳಿಗೆ ಟರ್ಬೊ ಬಂದೇ ದಶಕಗಳಾಗಿವೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಆ ಲಾರಿಗಳ ಬಗ್ಗೆ ಯಾರೂ ಟರ್ಬೊ ಬಾಳಿಕೆ ಬರಲ್ಲ ಅನ್ನುವುದಿಲ್ಲ. ಅದೇ ವಸ್ತು ಪಿಕಪ್‌ಗೆ ಬಂದ ಕೂಡಲೇ ಕೆಟ್ಟ ಹೆಸರು.

ಯಾಕೆ ಹೀಗೆ? ಒಳಗೆ ಏನಾಗುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ. ಲೋಡಿನಲ್ಲಿ ಎಂಜಿನ್ ನಿಮಿಷಕ್ಕೆ ಎರಡು, ಮೂರು ಸಾವಿರ ಸುತ್ತು ತಿರುಗುವಾಗ ಟರ್ಬೊದ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಿರುತ್ತದೆ. ಒಂದೂವರೆ ಲಕ್ಷ ಅಂತಿಟ್ಟುಕೊಂಡರೆ ಸೆಕೆಂಡಿಗೆ ಎರಡೂವರೆ ಸಾವಿರ ಸುತ್ತು. ಒಂದು ಮಗ್ಗುಲಲ್ಲಿ ಆರುನೂರು, ಏಳುನೂರು ಡಿಗ್ರಿ ಕಾದ ಹೊಗೆ, ಇನ್ನೊಂದು ಮಗ್ಗುಲಲ್ಲಿ ಹೊರಗಿನ ಗಾಳಿ. ನಡುವೆ ಈ ಶಾಫ್ಟನ್ನು ಹಿಡಿದಿರುವುದು ಸಾಮಾನ್ಯವಾಗಿ ಬಾಲ್ ಬೇರಿಂಗ್ ಅಲ್ಲ, ಎಂಜಿನ್ ಆಯಿಲ್‌ನ ಒಂದು ಪೊರೆ. ಪೊರೆ ಅಂದರೆ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಶಾಫ್ಟು ಆಯಿಲ್ ಮೇಲೆ ತೇಲುತ್ತಿರುತ್ತದೆ. ಆ ಪೊರೆ ಇರುವ ತನಕ ಲೋಹಕ್ಕೆ ಲೋಹ ತಾಗುವುದಿಲ್ಲ, ಸವೆತವೂ ಇಲ್ಲ. ಪೊರೆ ಕ್ಷಣಕಾಲ ಹರಿಯಿತೋ, ಆ ವೇಗಕ್ಕೆ ಕ್ಷಣವೇ ಸಾಕು.

ಹಾಗಾಗಿ ನಾನು ಹೇಳುವುದು ಒಂದೇ. ಟರ್ಬೊ ತಾನಾಗಿ ಕೆಡುವುದು ಅಪರೂಪ. ಆಯಿಲ್ ಕೆಟ್ಟು ಟರ್ಬೊ ಹೋಗುತ್ತದೆ, ಧೂಳು ಹೊಕ್ಕು ಹೋಗುತ್ತದೆ, ಸುಟ್ಟು ಹೋಗುತ್ತದೆ. ಕೇಡು ಎಲ್ಲಿಯದೋ, ತೋರುವುದು ಟರ್ಬೊದಲ್ಲಿ.

ಹೊಳಲ್ಕೆರೆ ಕಡೆ ಕ್ರಷರ್‌ಗೆ ಓಡಾಡುತ್ತಿದ್ದ ಒಂದು ಪಿಕಪ್ ನಮ್ಮಲ್ಲಿಗೆ ಬಂದಿತ್ತು. ಎಳೆಯುತ್ತಿಲ್ಲ, ಸೈರನ್ನಿನಂಥ ಶಿಳ್ಳೆ, ನೀಲಿ ಹೊಗೆ. ಬೇರೆ ಕಡೆ ಟರ್ಬೊ ಹೊಸದು ಹಾಕಿಸಿ ಹೆಚ್ಚು ದಿನ ಆಗಿರಲಿಲ್ಲ. "ಡುಪ್ಲಿಕೇಟ್ ಕೊಟ್ಟವ್ರೆ ಸಾರ್" ಅಂತ ಮಾಲೀಕರು ಸಿಟ್ಟಿನಲ್ಲಿದ್ದರು. ಮಾಲು ನೋಡಿದರೆ ಅಸಲಿಯೇ. ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪು ಬಿಚ್ಚಿದೆವು. ಪೈಪಿನ ಬಾಯಿಯ ಒಳಗೆ, ಕ್ಲಿಪ್ಪು ಸಡಿಲವಾಗಿದ್ದ ಕಡೆ, ಸಣ್ಣಗೆ ಕೆಮ್ಮಣ್ಣಿನ ಗೆರೆ. ಗಾಳಿ ನೂಕುವ ಚಕ್ರ ಅಲ್ಯುಮಿನಿಯಂನದು. ಹೊಸದಾದರೆ ಅದರ ರೆಕ್ಕೆಯ ಅಂಚು ಬೆರಳಿಗೆ ಚೂಪಾಗಿ ತಗುಲುತ್ತದೆ. ಇಲ್ಲಿ ಅಂಚು ಮೊಂಡಾಗಿತ್ತು. ಆಯಿಲ್ ವಾಪಸ್ ಇಳಿಯುವ ಕೊಳವೆ ಬಿಚ್ಚಿ ಕಡ್ಡಿ ತೂರಿಸಿದರೆ ಅರ್ಧಕ್ಕೇ ನಿಂತಿತು. ಒಳಗೆಲ್ಲ ಸುಟ್ಟ ಆಯಿಲ್ ಕರಿಯಾಗಿ ಕಟ್ಟಿಕೊಂಡಿದೆ. ಮೇಲಿಂದ ಬಂದ ಆಯಿಲ್ ಕೆಳಗೆ ಇಳಿಯಲಾರದೆ ಸೀಲ್ ದಾಟಿ ಹೊಗೆಯ ದಾರಿ ಹಿಡಿದಿತ್ತು. ಹಳೇ ಟರ್ಬೊ ಹೋದದ್ದು ಯಾಕೆ ಅಂತ ನೋಡದೆ ಹೊಸದು ಕೂರಿಸಿದ್ದರು. ಕೊಳವೆಯೂ ಹಳೆಯದೇ, ಕ್ಲಿಪ್ಪೂ ಹಳೆಯದೇ. ಇನ್ನೊಂದು ಹಾಕಿದ್ದರೂ ಅದೇ ದಾರಿ ಹಿಡಿಯುತ್ತಿತ್ತು.

ನಿಮ್ಮ ಗಾಡಿಯ ಟರ್ಬೊ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ, "ಮೊದಲನೇದು ಯಾಕೆ ಹೋಯ್ತು?" ಅಂತ ಕೇಳಿ. ಉತ್ತರ ಬರದಿದ್ದರೆ ದುಡ್ಡು ಬಿಚ್ಚಬೇಡಿ. ಹೊಸದು ಕೂರಿಸುವಾಗ ಆಯಿಲ್, ಆಯಿಲ್ ಫಿಲ್ಟರ್, ಆಯಿಲ್ ಬರುವ ಕೊಳವೆ, ಇಳಿಯುವ ಕೊಳವೆ ಎಲ್ಲ ನೋಡಲೇಬೇಕು. ಹಳೇ ಟರ್ಬೊದ ರೆಕ್ಕೆ ಮುರಿದಿದ್ದರೆ ಆ ಚೂರು ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಡೆ ಹೋಗಿ ಕೂತಿರಬಹುದು, ಅದನ್ನೂ ಬಿಚ್ಚಿ ತೊಳೆಯಬೇಕು. ಗಾಳಿಯ ಪೈಪಿನಲ್ಲಿ ಒಂದಿಷ್ಟು ಆಯಿಲ್ ಪಸೆ ಕಂಡ ಮಾತ್ರಕ್ಕೆ ಹೆದರುವುದೂ ಬೇಡ. ಬ್ರೀದರ್, ಅಂದರೆ ಎಂಜಿನ್ ಒಳಗಿನ ಆವಿ ಹೊರಬರುವ ಕೊಳವೆಯಿಂದ ಬರುವ ಪಸೆ ಎಲ್ಲ ಗಾಡಿಯಲ್ಲೂ ಇರುತ್ತದೆ. ಆಯಿಲ್ ಗುಟುಕಾಗಿ ನಿಂತಿದ್ದರೆ ಅದು ಬೇರೆ ಮಾತು.

ಧೂಳಿನ ವಿಚಾರ ಇನ್ನೂ ಸ್ವಲ್ಪ ಹೇಳಬೇಕು. ಶೇಂಗಾ ಕೀಳುವ ಕಾಲದಲ್ಲಿ ಚಳ್ಳಕೆರೆಯ ಹೊಲದ ದಾರಿ, ದಾವಣಗೆರೆ ಕಡೆ ಮೆಕ್ಕೆಜೋಳ ಒಕ್ಕುವ ಕಣ, ಗಣಿ ಲಾರಿ ಓಡಾಡುವ ರಸ್ತೆ, ಇವು ಏರ್ ಫಿಲ್ಟರ್‌ಗೆ ಪರೀಕ್ಷೆಯ ಜಾಗಗಳು. ಕೆಲವರು ಫಿಲ್ಟರನ್ನು ಮುಟ್ಟುವುದೇ ಇಲ್ಲ. ಇನ್ನು ಕೆಲವರು ವಾರಕ್ಕೊಮ್ಮೆ ಬಿಚ್ಚಿ, ಪಂಕ್ಚರ್ ಅಂಗಡಿಯ ಗಾಳಿ ಪೈಪನ್ನು ಹೊರಗಿನಿಂದ ಜೋರಾಗಿ ಹಿಡಿಯುತ್ತಾರೆ. ಕಾಗದದಲ್ಲಿದ್ದ ಧೂಳು ಒಳಗೆ ಹೋಗುತ್ತದೆ, ಕಾಗದವೂ ಹರಿಯುತ್ತದೆ. ಊದಲೇಬೇಕಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ. ಸರಿಯಾಗಿ ಕೂರದ ಶುಭ್ರ ಫಿಲ್ಟರ್‌ಗಿಂತ ಸರಿಯಾಗಿ ಕೂತ ಕೊಳೆ ಫಿಲ್ಟರ್ ಎಷ್ಟೋ ವಾಸಿ. ಕೊಳೆಯಾದರೆ ಗಾಡಿ ಎಳೆಯುವುದು ಕಡಿಮೆಯಾಗುತ್ತದೆ, ಗೊತ್ತಾಗುತ್ತದೆ. ಸಂದಿ ಬಿಟ್ಟರೆ ಗಾಡಿ ಚೆನ್ನಾಗಿಯೇ ಓಡುತ್ತದೆ, ಒಳಗೆ ಟರ್ಬೊದ ರೆಕ್ಕೆಯೂ ಸಿಲಿಂಡರಿನ ಒಳಗೋಡೆಯೂ ಸವೆಯುತ್ತಿರುತ್ತವೆ.

ಆಯಿಲ್ ಬದಲಿಸುವುದನ್ನು ಎಲ್ಲರೂ ಕಿಲೋಮೀಟರ್ ಲೆಕ್ಕದಲ್ಲಿ ಮಾಡುತ್ತಾರೆ. ಹೆದ್ದಾರಿಯ ಗಾಡಿಗೆ ಅದು ಸರಿ. ಹೊಲದಿಂದ ಊರಿಗೆ ಮೊದಲನೇ, ಎರಡನೇ ಗೇರಿನಲ್ಲಿ ತೆವಳುವ, ಎಪಿಎಂಸಿ ಮುಂದೆ ಸಾಲಿನಲ್ಲಿ ಸ್ಟಾರ್ಟ್‌ನಲ್ಲೇ ನಿಲ್ಲುವ ಗಾಡಿಗೆ ಮೀಟರ್ ಓಡುವುದೇ ಇಲ್ಲ, ಎಂಜಿನ್ ಮಾತ್ರ ದುಡಿಯುತ್ತಿರುತ್ತದೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಧೂಳು, ಭಾರದ ಕೆಲಸಕ್ಕೆ ಅವಧಿ ಕಡಿಮೆ ಮಾಡಿ ಅಂತ ಬರೆದಿರುತ್ತಾರೆ. ನಮ್ಮ ಕಡೆಯ ಪಿಕಪ್‌ಗಳೆಲ್ಲ ಆ ಲೆಕ್ಕಕ್ಕೇ ಸೇರಬೇಕು ಅನ್ನುವುದು ನನ್ನ ಅಭಿಪ್ರಾಯ. ಆಯಿಲ್‌ನ ಗ್ರೇಡು ಕೂಡ ಪುಸ್ತಕ ಹೇಳಿದ್ದೇ ಆಗಲಿ.

ಬಿಎಸ್-6 ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ತುಂಬಿದಾಗ, ಎಂಜಿನ್ ತಾನೇ ಹೆಚ್ಚು ಡೀಸೆಲ್ ಬಿಟ್ಟು ಆ ಮಸಿಯನ್ನು ಸುಡುತ್ತದೆ. ನಡುವೆಯೇ ಗಾಡಿ ಆಫ್ ಮಾಡುವುದು ಮತ್ತೆ ಮತ್ತೆ ನಡೆದರೆ ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿನ ಆಯಿಲ್ ಚೇಂಬರಿಗೆ ಇಳಿದು ಆಯಿಲ್ ಜೊತೆ ಬೆರೆಯುತ್ತದೆ. ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿದರೆ ಆಯಿಲ್ ಮಟ್ಟ ಏರಿರುತ್ತದೆ. "ನಮ್ ಗಾಡಿ ಒಂದ್ ತೊಟ್ಟೂ ಆಯಿಲ್ ತಿನ್ನಲ್ಲ" ಅಂತ ಹಿಗ್ಗುವವರನ್ನು ಕಂಡಿದ್ದೇನೆ. ಏರಿದ ಆಯಿಲ್ ತೆಳ್ಳಗಾದ ಆಯಿಲ್. ಮೇಲೆ ಹೇಳಿದ ಆ ಪೊರೆಗೆ ಇದಕ್ಕಿಂತ ಕೇಡಿಲ್ಲ. ಡಿಪಿಎಫ್ ದೀಪ ಉರಿದರೆ ಪುಸ್ತಕ ಹೇಳಿದಂತೆ ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿ ಅದರ ಕೆಲಸ ಮುಗಿಸಲು ಬಿಡಿ. ಡಿಪಿಎಫ್ ಕತ್ತರಿಸಿ ಖಾಲಿ ಪೈಪು ಬೆಸೆಯುವವರ ಹತ್ತಿರ ಹೋಗಬೇಡಿ, ಅದು ಕಾನೂನಿಗೆ ವಿರುದ್ಧ.

ಶಾಖದ ಬಗ್ಗೆ ಎಲ್ಲರಿಗೂ ಒಂದು ಮಾತು ಗೊತ್ತು: ಲೋಡಿನಲ್ಲಿ ಬಂದು ತಟ್ಟನೆ ಆಫ್ ಮಾಡಬಾರದು. ನಿಜ. ಆಫ್ ಮಾಡಿದರೆ ಆಯಿಲ್ ಪಂಪ್ ನಿಲ್ಲುತ್ತದೆ, ಕಾದ ಟರ್ಬೊದೊಳಗೆ ಉಳಿದ ಆಯಿಲ್ ಸುಟ್ಟು ಕರಿಯಾಗುತ್ತದೆ. ಆದರೆ ಐದು, ಹತ್ತು ನಿಮಿಷ ಸ್ಟಾರ್ಟ್‌ನಲ್ಲಿಟ್ಟು ಟೀ ಕುಡಿಯುವುದು ಡೀಸೆಲ್ ದಂಡ. ಈರುಳ್ಳಿ ಲೋಡಿನಲ್ಲಿ ಹೆದ್ದಾರಿಯಿಂದ ನೇರವಾಗಿ ಡಾಬಾಕ್ಕೆ ಇಳಿದವರು ಅರ್ಧದಿಂದ ಒಂದು ನಿಮಿಷ ಬಿಟ್ಟರೆ ಸಾಕು. ಊರೊಳಗೆ ನಿಧಾನಕ್ಕೆ ಬಂದು ಮನೆ ಮುಂದೆ ನಿಲ್ಲಿಸುವವರಿಗೆ ಅಷ್ಟೂ ಬೇಡ, ದಾರಿಯಲ್ಲೇ ತಣಿದಿರುತ್ತದೆ. ಜನ ಮರೆಯುವುದು ಬೆಳಗಿನ ಹೊತ್ತನ್ನು. ಸ್ಟಾರ್ಟ್ ಮಾಡಿದ ಕೂಡಲೇ ಭರ್ರನೆ ರೇಸ್ ಕೊಡುತ್ತಾರೆ, ಆಯಿಲ್ ಇನ್ನೂ ಟರ್ಬೊ ಮುಟ್ಟಿರುವುದೇ ಇಲ್ಲ.

ಅಮೆರಿಕದಲ್ಲೂ ಇದೇ ಚರ್ಚೆ ನಡೆಯುತ್ತದೆ, ಅಲ್ಲಿನ ಪಿಕಪ್‌ಗಳು ನಮ್ಮವಕ್ಕಿಂತ ಎಷ್ಟೋ ದೊಡ್ಡವು. 1989ರ ಡಾಡ್ಜ್ ಪಿಕಪ್‌ಗೆ ಬಂದ 5.9 ಲೀಟರ್ ಕಮಿನ್ಸ್ ಟರ್ಬೊ ಡೀಸೆಲ್ ದೀರ್ಘ ಬಾಳಿಕೆಗೇ ಹೆಸರಾಯಿತು. ಟೊಯೊಟಾ ತನ್ನ ಟಂಡ್ರಾ ಪಿಕಪ್‌ನಲ್ಲಿ ದೊಡ್ಡ ವಿ-8 ತೆಗೆದು 2022ರ ಮಾದರಿಯಿಂದ ಎರಡು ಟರ್ಬೊ ಇರುವ ವಿ-6 ಪೆಟ್ರೋಲ್ ಎಂಜಿನ್ ತಂದಿತು. 2024ರಲ್ಲಿ ಆ ಎಂಜಿನ್ ಇರುವ ಸುಮಾರು ಒಂದು ಲಕ್ಷ ಗಾಡಿಗಳನ್ನು ವಾಪಸ್ ಕರೆಸಬೇಕಾಯಿತು. ಟರ್ಬೊ ಹಾಕಿದ್ದಕ್ಕೇ ಹೀಗಾಯಿತು ಅಂತ ಆಡಿಕೊಂಡವರುಂಟು. ಆದರೆ ಕಂಪನಿ ಕೊಟ್ಟ ಕಾರಣ, ಕಾರ್ಖಾನೆಯಲ್ಲಿ ಎಂಜಿನ್ ಕಡೆಯುವಾಗ ಒಳಗೆ ಉಳಿದುಬಿಟ್ಟ ಲೋಹದ ಚೂರು. ಅದು ಕೆಡಿಸಿದ್ದು ಎಂಜಿನ್‌ನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಬೇರಿಂಗನ್ನು, ಟರ್ಬೊವನ್ನಲ್ಲ.

ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಹೋಗುವವರು ಗಾಡಿ ಬೆಳಗ್ಗೆ ತಣ್ಣಗಿರುವಾಗಲೇ ಹೋಗಿ, ಬಿಸಿ ಮಾಡಿಟ್ಟ ಗಾಡಿ ಅರ್ಧ ಸತ್ಯ ಹೇಳುತ್ತದೆ. ಎಂಜಿನ್ ಆಫ್ ಇರುವಾಗ ಮೆಕ್ಯಾನಿಕ್ ಕೈಲಿ ಪೈಪು ಬಿಚ್ಚಿಸಿ ಟರ್ಬೊದ ಚಕ್ರ ಅಲ್ಲಾಡಿಸಿ ನೋಡಿಸಿ. ಅಡ್ಡಕ್ಕೆ ಕೊಂಚ ಆಡಿದರೆ ಗಾಬರಿ ಬೇಡ, ಆಯಿಲ್ ಪೊರೆಗೆ ಬಿಟ್ಟ ಜಾಗ ಅದು. ಹಿಂದೆ ಮುಂದೆ ಜಗ್ಗಿದರೆ, ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಬೆಲೆ ಇಳಿಸಿ, ಇಲ್ಲವೇ ಬಿಟ್ಟು ಬನ್ನಿ.

ಒಂದು ಅಪಾಯ ಹೇಳಿಬಿಡುತ್ತೇನೆ. ಟರ್ಬೊದಲ್ಲಿ ಆಯಿಲ್ ತಡೆಯುವ ಸೀಲ್ ಪೂರ್ತಿ ಹೋದರೆ ಎಂಜಿನ್ ತನ್ನ ಆಯಿಲನ್ನೇ ಕುಡಿದು ಓಡತೊಡಗಬಹುದು. ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ರೇಸ್ ಏರುತ್ತಲೇ ಹೋಗುತ್ತದೆ. ಕ್ಲಚ್ ಒತ್ತಿ ಕೊನೇ ಗೇರಿಗೆ ಹಾಕಿ, ಬ್ರೇಕ್ ಬಲವಾಗಿ ತುಳಿದು ಕ್ಲಚ್ ಬಿಟ್ಟರೆ ಎಂಜಿನ್ ಕಟ್ಟಿಕೊಂಡು ನಿಲ್ಲುತ್ತದೆ. ಅದಾಗದಿದ್ದರೆ ದೂರ ಸರಿಯಿರಿ. ಗಾಳಿ ಎಳೆಯುವ ಬಾಯಿಗೆ ಕೈ ಅಡ್ಡ ಇಡಬೇಡಿ.

ಕೊನೆಗೆ ಮಾಲೀಕರಿಗೆ. ನಮ್ಮಲ್ಲಿ ಗಾಡಿ ಓಡಿಸುವವನು ಒಬ್ಬ, ಆಯಿಲ್‌ಗೆ ದುಡ್ಡು ಕೊಡುವವನು ಇನ್ನೊಬ್ಬ. ಟ್ರಿಪ್ಪಿಗಿಷ್ಟು ಅಂತ ಸಂಬಳ. ಶಿಳ್ಳೆ ಮೊದಲು ಕೇಳುವುದು ಡ್ರೈವರಿಗೆ, ದೀಪ ಮೊದಲು ಕಾಣುವುದೂ ಅವನಿಗೇ. ಆದರೆ ಗಾಡಿ ಗ್ಯಾರೇಜಿನಲ್ಲಿ ನಿಂತ ದಿನ ಅವನಿಗೆ ಟ್ರಿಪ್ಪೂ ಇಲ್ಲ, ದುಡ್ಡೂ ಇಲ್ಲ. ಅವನು ಯಾಕೆ ಹೇಳುತ್ತಾನೆ? ಹಿರಿಯೂರಿನ ಕಡೆ ಒಬ್ಬ ಮಾಲೀಕರು ಆಯಿಲ್ ಬದಲಿಸುವ ದಿನ ಡ್ರೈವರಿಗೆ ಅರ್ಧ ದಿನದ ಸಂಬಳ ಕೊಡುತ್ತಾರೆ, ಗ್ಯಾರೇಜಿಗೆ ಅವನನ್ನೇ ಕಳಿಸುತ್ತಾರೆ. ಆ ಹುಡುಗ ಬಂದರೆ ಹಳೇ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡುತ್ತಾನೆ, ಕ್ಲಿಪ್ಪು ತಾನೇ ತಿರುಗಿಸಿ ಬಿಗಿ ಮಾಡುತ್ತಾನೆ, "ಅಣ್ಣ, ಮೂರನೇ ಗೇರಲ್ಲಿ ಸ್ವಲ್ಪ ಸದ್ದು ಬರ್ತೈತೆ, ನೋಡು" ಅಂತಾನೆ. ಅವರ ಗಾಡಿಗೆ ಇನ್ನೂ ಕಂಪನಿಯಿಂದ ಬಂದ ಟರ್ಬೊನೇ ಇದೆ.

ನಮಸ್ಕಾರ.