ಚಾರ್ಟ್‌ಪ್ಲಾಟರ್ ಕೊಳ್ಳುವ ಮುಂಚೆ ಚಾರ್ಟ್ ನೋಡಿ

ನಮಸ್ಕಾರ. ಬೋಟು ಎಲ್ಲಿದೆ ಅಂತ ಸಮುದ್ರದ ನಕ್ಷೆಯ, ಅಂದರೆ ಚಾರ್ಟಿನ ಮೇಲೆ ತೋರಿಸುವ ಉಪಕರಣವೇ ಚಾರ್ಟ್‌ಪ್ಲಾಟರ್. ಅದನ್ನು ಕೊಳ್ಳುವವರಿಗೆ ಮೊದಲು ಒಂದು ನಿಜ ಘಟನೆ ಹೇಳುತ್ತೇನೆ. 2014ರ ನವೆಂಬರ್ 29. ಹಿಂದೂ ಮಹಾಸಾಗರ, ಮಾರಿಷಸ್‌ನ ಈಶಾನ್ಯಕ್ಕೆ. ವೋಲ್ವೊ ಓಷನ್ ರೇಸಿನ ಒಂದು ಹಾಯಿದೋಣಿ ಕತ್ತಲಲ್ಲಿ ಸುಮಾರು 19 ನಾಟ್ (ಗಂಟೆಗೆ 35 ಕಿ.ಮೀ.) ವೇಗದಲ್ಲಿ ಓಡುತ್ತಿತ್ತು. ಹೆಸರು ಟೀಮ್ ವೆಸ್ಟಾಸ್ ವಿಂಡ್. 65 ಅಡಿಯ ಹೊಸ ದೋಣಿ, ಪಳಗಿದ ನಾವಿಕರು, ಒಳಗೆ ಕಂಪ್ಯೂಟರು, ಜಿಪಿಎಸ್, ಎಲೆಕ್ಟ್ರಾನಿಕ್ ಚಾರ್ಟು ಎಲ್ಲಾ ಇದ್ದವು. ಹಾಗಿದ್ದೂ ನೇರ ಹೋಗಿ ಹವಳದ ದಿಬ್ಬಕ್ಕೆ ಬಡಿಯಿತು. ಪುಣ್ಯಕ್ಕೆ ಒಂಬತ್ತೂ ಜನ ಬದುಕಿ ಬಂದರು.

ಆ ದಿಬ್ಬದ ಹೆಸರು ಕಾರ್ಗಾಡೋಸ್ ಕಾರಾಜೋಸ್. ಹತ್ತಾರು ಕಿಲೋಮೀಟರ್ ಉದ್ದ ಇದೆ. ಅವರ ಚಾರ್ಟಿನಲ್ಲೂ ಇತ್ತು. ಆದರೆ ಜೂಮ್ ಔಟ್ ಮಾಡಿ ನೋಡಿದರೆ ಅಲ್ಲಿ ಆಳದ ಅಂಕಿ ಮಾತ್ರ ಕಾಣುತ್ತಿತ್ತು, ದಿಬ್ಬ ಕಾಣುತ್ತಿರಲಿಲ್ಲ. ಸಾಕಷ್ಟು ಜೂಮ್ ಇನ್ ಮಾಡಿದವರಿಗಷ್ಟೇ ಕಾಣುತ್ತಿತ್ತು. ಜಿಪಿಎಸ್ ಒಂದಿಷ್ಟೂ ತಪ್ಪು ಹೇಳಿರಲಿಲ್ಲ. ದೋಣಿ ಎಲ್ಲಿದೆ ಅಂತ ಕರಾರುವಾಕ್ಕಾಗಿ ತೋರಿಸುತ್ತಲೇ ಇತ್ತು.

ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬೇ (ಕೊಲ್ಲಿ) ಸುತ್ತಮುತ್ತ ನಮ್ಮ ಕನ್ನಡದವರೂ ಈಗೀಗ ಸಣ್ಣ ಬೋಟು ಕೊಳ್ಳುತ್ತಿದ್ದಾರೆ. ಕೊಂಡ ಮೇಲೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. ಪ್ಲಾಟರ್ ಯಾವ ಕಂಪನಿಯದ್ದು, ಗಾರ್ಮಿನ್ ತಗೊಳ್ಳೋದಾ, ಸಿಮ್ರಾಡ್ ತಗೊಳ್ಳೋದಾ, ರೇಮರೀನ್ ತಗೊಳ್ಳೋದಾ? ನಾನು ಹೇಳೋದು ಇಷ್ಟು: ಮೊದಲು ನೀವು ಓಡಾಡುವ ನೀರಿಗೆ ಯಾವ ಚಾರ್ಟ್ ಚೆನ್ನಾಗಿದೆ ನೋಡಿ. ಆ ಚಾರ್ಟನ್ನು ಓದುವ ಡಬ್ಬಿ, ಅಂದರೆ ಪ್ಲಾಟರ್ ಯಾವುದು ಅಂತ ಆಮೇಲೆ ನೋಡಿ. ಜಿಪಿಎಸ್ ರಿಸೀವರ್ ಈಗ ಎಲ್ಲ ಡಬ್ಬಿಯಲ್ಲೂ ಸಾಕಷ್ಟು ಚೆನ್ನಾಗಿದೆ. ಅಮೆರಿಕ ಸರಕಾರ 2000ದ ಮೇ ತಿಂಗಳಲ್ಲಿ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಕೆಡಿಸೋದನ್ನು ನಿಲ್ಲಿಸಿತು. ಅವತ್ತಿನಿಂದ ಸಾಮಾನ್ಯ ಜನರಿಗೂ ಕೆಲವೇ ಮೀಟರಿನಷ್ಟು ನಿಖರತೆ ಸಿಗುತ್ತಿದೆ. ವ್ಯತ್ಯಾಸ ಇರೋದು ಚಾರ್ಟಿನಲ್ಲಿ.

ಈ ಬೇ ನೋಡೋಕೆ ಸಮುದ್ರದ ಹಾಗಿದೆ. ಗೋಲ್ಡನ್ ಗೇಟ್ ಸೇತುವೆಯ ಹತ್ತಿರ ಆಳ 300 ಅಡಿಗೂ ಜಾಸ್ತಿ. ಆದರೆ ಬೇಯ ಬಹುಪಾಲು 18 ಅಡಿಯೂ ಇಲ್ಲ. ದಕ್ಷಿಣದ ಕಡೆ ಇಳಿತದ ಹೊತ್ತಿಗೆ ಕೆಸರೇ ಮೇಲೆ ಬರುತ್ತದೆ. ಚಾರ್ಟಿನಲ್ಲಿ ಬರೆದ ಆಳ ದಿನದ ಎರಡು ಇಳಿತಗಳಲ್ಲಿ ಜಾಸ್ತಿ ಇಳಿಯುವುದರ ಸರಾಸರಿಯಿಂದ ಲೆಕ್ಕ ಹಾಕಿದ್ದು. ಕೆಲವು ದಿನ ನೀರು ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಚಾರ್ಟಿನಲ್ಲಿ ನಾಲ್ಕು ಅಡಿ ಅಂತಿದ್ದರೆ ಅವತ್ತು ಮೂರೇ ಅಡಿ ಇರಬಹುದು. ನಿಮ್ಮ ಬೋಟಿನ ತಳ ನೀರೊಳಗೆ ಎಷ್ಟು ಇಳಿಯುತ್ತದೆ, ಅಂದರೆ ಡ್ರಾಫ್ಟ್ ಎಷ್ಟು, ಅದು ಗೊತ್ತಿರದೆ ಯಾವ ಪ್ಲಾಟರ್ ತಗೊಂಡೂ ಉಪಯೋಗವಿಲ್ಲ.

ಅಂಗಡಿಗೆ ಹೋದಾಗ ಒಂದು ಪರೀಕ್ಷೆ ಮಾಡಿ. ಡೆಮೊಗೆ ಅಂತ ಇಟ್ಟಿರುವ ಪ್ಲಾಟರಿನಲ್ಲಿ ಬರ್ಕ್ಲಿ ಮರೀನಾ ತೆಗೆಯಿರಿ. ಅಲ್ಲಿಂದ ಪಶ್ಚಿಮಕ್ಕೆ ಹಳೇ ಬರ್ಕ್ಲಿ ಪಿಯರ್ ಇದೆ. 1926ರಲ್ಲಿ ಫೆರ್ರಿಗೆ ಅಂತ ಕಟ್ಟಿದ್ದು, ಸುಮಾರು ಮೂರು ಮೈಲಿ ಉದ್ದ. ಈಗ ಅದರ ಬಹುಭಾಗ ಮುರಿದ ಕಂಬಗಳ ಸಾಲು. ಮಂಜಿನಲ್ಲಿ ಹೋಗಿ ಆ ಕಂಬಕ್ಕೆ ಬಡಿದರೆ ಫೈಬರ್ ಬೋಟು ಉಳಿಯಲ್ಲ. ಪಿಯರ್ ಚೆನ್ನಾಗಿ ಕಾಣುವಷ್ಟು ಜೂಮ್ ಇನ್ ಮಾಡಿ. ಆಮೇಲೆ ಒಂದೊಂದೇ ಹೆಜ್ಜೆ ಜೂಮ್ ಔಟ್ ಮಾಡುತ್ತಾ ಬನ್ನಿ. ಕಂಬಗಳ ಸಾಲು ಯಾವಾಗ ಮಾಯವಾಗುತ್ತದೆ ನೋಡಿ. ಇದೇ ಪರೀಕ್ಷೆಯನ್ನು ಪಕ್ಕದ ಬ್ರ್ಯಾಂಡಿನಲ್ಲೂ ಮಾಡಿ. ನೀವು ಬೋಟು ಓಡಿಸುವಾಗ ಸಾಮಾನ್ಯವಾಗಿ ಇಟ್ಟುಕೊಳ್ಳುವ ಜೂಮಿನಲ್ಲಿ ಅಪಾಯ ಕಾಣುತ್ತಾ ಇಲ್ವಾ ಅನ್ನೋದೇ ಮುಖ್ಯ. ಪೆಟ್ಟಿಗೆ ಮೇಲೆ ಬರೆದ ಇಪ್ಪತ್ತು ಫೀಚರುಗಳಲ್ಲಿ ಒಂದೂ ಇದನ್ನು ಹೇಳಲ್ಲ. ನೀವು ಬೇರೆ ಕಡೆ ಇದ್ದರೆ ನಿಮ್ಮೂರ ನೀರಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಬಂಡೆ ಆರಿಸಿಕೊಳ್ಳಿ.

ಅಮೆರಿಕದಲ್ಲಿ ಸರಕಾರಿ ಎಲೆಕ್ಟ್ರಾನಿಕ್ ಚಾರ್ಟು ಪುಕ್ಕಟೆ. ಅವನ್ನು ತಯಾರಿಸುವ ಸರಕಾರಿ ಸಂಸ್ಥೆ ಎನ್‌ಒಎಎ ಹಳೇ ಮಾದರಿಯ ಕಾಗದದ ಚಾರ್ಟುಗಳನ್ನು ಹಂತಹಂತವಾಗಿ ನಿಲ್ಲಿಸಿ ಈಗ ಎಲೆಕ್ಟ್ರಾನಿಕ್ ಚಾರ್ಟನ್ನೇ ಮುಖ್ಯ ಮಾಡಿಕೊಂಡಿದೆ. ಲ್ಯಾಪ್‌ಟಾಪಿನಲ್ಲಿ ಓಪನ್‌ಸಿಪಿಎನ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಮನೆಯಲ್ಲೇ ಕೂತು ನೋಡಬಹುದು. ದುಡ್ಡು ಕೊಡುವ ಮೊದಲೇ ನಿಮ್ಮ ನೀರಿನ ಪರಿಚಯ ಆಗುತ್ತದೆ. ಕಂಪನಿಗಳ ಚಾರ್ಟಿನಲ್ಲಿ ಇದರ ಮೇಲೆ ಇನ್ನಷ್ಟು ವಿವರ ಸೇರಿಸಿರುತ್ತಾರೆ, ಅದಕ್ಕೆ ಹೆಚ್ಚಾಗಿ ವರ್ಷಾವರ್ಷ ಚಂದಾ ಕಟ್ಟಬೇಕು. ಗಾರ್ಮಿನ್ 2017ರಲ್ಲಿ ನ್ಯಾವಿಯಾನಿಕ್ಸ್ ಅನ್ನುವ ಚಾರ್ಟ್ ಕಂಪನಿಯನ್ನು ಕೊಂಡಿತು. ಸಿ-ಮ್ಯಾಪ್ ಅನ್ನುವ ಇನ್ನೊಂದು ಚಾರ್ಟ್ ಇರೋದು ಲೊರಾನ್ಸ್, ಸಿಮ್ರಾಡ್ ಬಳಗದಲ್ಲಿ. ಎಲ್ಲ ಡಬ್ಬಿ ಎಲ್ಲ ಚಾರ್ಟನ್ನೂ ಓದಲ್ಲ. ಹಾಗಾಗಿ ಡಬ್ಬಿಯ ಬೆಲೆಗೆ ಐದು ವರ್ಷದ ಚಾರ್ಟಿನ ಖರ್ಚನ್ನೂ ಕೂಡಿಸಿ ನೋಡಿ. ಅಗ್ಗ ಅನ್ನಿಸಿದ್ದು ದುಬಾರಿ ಆಗಬಹುದು.

ಇನ್ನು ಸ್ಕ್ರೀನು. ಇದರಲ್ಲಿ ನಾನು ಜಗ್ಗುವವನಲ್ಲ. ಜಾಗ ಇದ್ದರೆ ಒಂಬತ್ತು ಇಂಚು ತಗೊಳ್ಳಿ. ಏಳು ಇಂಚಿನ ಸ್ಕ್ರೀನನ್ನು ಎರಡು ಭಾಗ ಮಾಡಿ ಅರ್ಧ ಚಾರ್ಟ್, ಅರ್ಧ ಸೋನಾರ್ (ಶಬ್ದ ಕಳಿಸಿ ನೀರಿನ ಕೆಳಗಿರುವುದನ್ನು ತೋರಿಸುವುದು) ಹಾಕಿದರೆ ಎರಡೂ ಸರಿಯಾಗಿ ಕಾಣಲ್ಲ. ಚಾರ್ಟ್ ಚಿಕ್ಕದಾದಷ್ಟೂ ಜನ ಜೂಮ್ ಔಟ್ ಮಾಡುತ್ತಾರೆ, ಮತ್ತೆ ಬರ್ಕ್ಲಿಯ ಕಂಬಗಳು ಮಾಯ. ನೀವು ಬೋಟಿನಲ್ಲಿ ಹಾಕುವ ಕಪ್ಪು ಕನ್ನಡಕವನ್ನೇ ಅಂಗಡಿಗೂ ಹಾಕಿಕೊಂಡು ಹೋಗಿ. ಪೋಲರಾಯ್ಡ್ ಗ್ಲಾಸ್ ಹಾಕಿ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ. ಕೆಲವು ಸ್ಕ್ರೀನು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ. ಅಂಥದ್ದು ಬೇಡ. ಟಚ್ ಜೊತೆಗೆ ಗುಂಡಿಗಳೂ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ಅಲೆಗೆ ಬೋಟು ಕುಣಿಯುವಾಗ, ಕೈ ಒದ್ದೆ ಇರುವಾಗ, ಗಾಜಿನ ಮೇಲೆ ಬೆರಳು ನಿಲ್ಲಲ್ಲ.

ಫೋನಿನಲ್ಲೇ ಆಪ್ ಹಾಕಿಕೊಂಡರೆ ಸಾಲದಾ ಅಂತ ಕೇಳುವವರಿದ್ದಾರೆ. ಕೈಯಲ್ಲಿ ಎರಡನೇ ಚಾರ್ಟ್ ಇದ್ದ ಹಾಗಾಯಿತು, ಖಂಡಿತ ಇಟ್ಟುಕೊಳ್ಳಿ. ಆದರೆ ಬಿಸಿಲಲ್ಲಿ ಫೋನು ಕಾದು ಆಫ್ ಆಗುತ್ತದೆ. ನೀರಿಗೂ ಬೀಳಬಹುದು. ಅದೊಂದನ್ನೇ ನಂಬಿ ಗೋಲ್ಡನ್ ಗೇಟ್ ದಾಟಬೇಡಿ.

ಚಾರ್ಟ್ ಇದ್ದರೆ ಸಾಲದು, ಅದರ ಗುರುತುಗಳನ್ನು ಓದಲೂ ಬರಬೇಕು. ಇದೇ ಬೇಯಲ್ಲಿ 2007ರ ನವೆಂಬರ್ 7ರ ಬೆಳಿಗ್ಗೆ ದಟ್ಟ ಮಂಜು. ಓಕ್ಲೆಂಡಿನಿಂದ ಹೊರಟ ಕೋಸ್ಕೊ ಬೂಸಾನ್ ಅನ್ನುವ ಸರಕು ಹಡಗು ಬೇ ಬ್ರಿಜ್ಜಿನ ಒಂದು ಗೋಪುರದ ತಳಕ್ಕೆ ಉಜ್ಜಿಕೊಂಡು ಹೋಯಿತು. ಎರಡು ಲಕ್ಷ ಲೀಟರಿನಷ್ಟು ಎಣ್ಣೆ ನೀರಿಗೆ ಸೇರಿತು. ದಡದ ಹಕ್ಕಿಗಳು ಎಣ್ಣೆಯಲ್ಲಿ ಮುಳುಗಿದವು. ತನಿಖೆಯಲ್ಲಿ ಕಾರಣಗಳು ಹಲವು ಹೊರಬಂದವು. ಅದರಲ್ಲಿ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗಲ್ಲ. ಬಂದರಿನ ದಾರಿ ಗೊತ್ತಿದ್ದು ಹಡಗು ನಡೆಸುತ್ತಿದ್ದ ಸ್ಥಳೀಯ ನಾವಿಕ, ಅಂದರೆ ಪೈಲಟ್, ಎಲೆಕ್ಟ್ರಾನಿಕ್ ಚಾರ್ಟಿನಲ್ಲಿದ್ದ ಕೆಂಪು ತ್ರಿಕೋನಗಳು ಏನು ಅಂತ ಕ್ಯಾಪ್ಟನ್ನನ್ನು ಕೇಳಿದ್ದರು. ಆ ತ್ರಿಕೋನಗಳು ಗೋಪುರದ ಹತ್ತಿರದ ಬೋಯ್‌ಗಳ (ಎಚ್ಚರಿಕೆಗೆ ಅಂತ ತೇಲಿಬಿಟ್ಟ ಬುರುಡೆಗಳ) ಗುರುತು. ವೃತ್ತಿಯವರಿಗೇ ಹೀಗಾದರೆ ವಾರಾಂತ್ಯದಲ್ಲಿ ಬೋಟಿಳಿಸುವ ನಮ್ಮ ಗತಿ ಏನು? ಮೆನು ಸರಳವಾಗಿರುವ, ಗುರುತಿನ ಮೇಲೆ ಬೆರಳಿಟ್ಟರೆ ಅದೇನು ಅಂತ ಹೇಳುವ ಪ್ಲಾಟರ್ ಆರಿಸಿ. ತಂದ ಮೇಲೆ ಬೋಟನ್ನು ಕಟ್ಟೆಗೆ ಕಟ್ಟಿಟ್ಟೇ ಒಂದು ಮಧ್ಯಾಹ್ನ ಪೂರ್ತಿ ಅದರ ಮುಂದೆ ಕೂತು ಕಲಿಯಿರಿ.

ಪ್ಲಾಟರ್ ತಾನೇ ದಾರಿ ಹಾಕಿಕೊಡುವ ಆಟೋ ರೂಟ್ ಬಗ್ಗೆ ಜಾಸ್ತಿ ಹೇಳಲ್ಲ. ಅದು ಎಳೆದ ಗೆರೆಯನ್ನು ಆರಂಭದಿಂದ ಕೊನೆವರೆಗೆ ಜೂಮ್ ಮಾಡಿ ಕಣ್ಣಾರೆ ನೋಡದೆ ಹೊರಡಬೇಡಿ. ಲೈವ್ ಸೋನಾರ್, ಸೈಡ್ ಸ್ಕ್ಯಾನ್ ಇವೆಲ್ಲ ಮೀನು ಹಿಡಿಯುವವರಿಗೆ ಚೆಂದ. ಅದರ ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಭಾಗಕ್ಕೇ, ಅಂದರೆ ಟ್ರಾನ್ಸ್‌ಡ್ಯೂಸರಿಗೇ ಪ್ಲಾಟರಿನಷ್ಟು ದುಡ್ಡು ಹೋಗಬಹುದು. ಸುಮ್ನೆ ಸುತ್ತಾಡೋಕೆ ಕೆಳಗಿನ ಆಳ ಸರಿಯಾಗಿ ತೋರಿಸುವ ಸಾದಾ ಟ್ರಾನ್ಸ್‌ಡ್ಯೂಸರ್ ಸಾಕು.

ಆ ಉಳಿದ ದುಡ್ಡಲ್ಲಿ ಬೇರೆ ಬೋಟುಗಳ, ಕೋಸ್ಟ್ ಗಾರ್ಡಿನ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೊ ತಗೊಳ್ಳಿ. ರೇಡಿಯೊದಲ್ಲೇ ಜಿಪಿಎಸ್ ಇಲ್ಲದಿದ್ದರೆ ಬೋಟಿನ ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ಎನ್‌ಎಂಇಎ 2000 ತಂತಿಯಲ್ಲಿ ಪ್ಲಾಟರಿಗೆ ಜೋಡಿಸಿ. ನಿಮ್ಮ ಬೋಟಿನ ಗುರುತಿನ ಸಂಖ್ಯೆಯಾದ ಎಂಎಂಎಸ್‌ಐ ನಂಬರ್ ಪಡೆದು ರೇಡಿಯೊಗೆ ಹಾಕಿ. ಆಗ ಅಪಾಯದಲ್ಲಿ ರೇಡಿಯೊದ ಕೆಂಪು ಗುಂಡಿ ಒತ್ತಿದರೆ ನೀವು ಯಾರು, ಎಲ್ಲಿದ್ದೀರಿ ಅನ್ನೋದು ಒಟ್ಟಿಗೇ ಕೋಸ್ಟ್ ಗಾರ್ಡಿಗೆ ಹೋಗುತ್ತದೆ. ಗಾಬರಿಯಲ್ಲಿ ಅಕ್ಷಾಂಶ ರೇಖಾಂಶ ಓದಿ ಹೇಳುವ ಕಷ್ಟ ಇರಲ್ಲ. ಎಷ್ಟೋ ಬೋಟುಗಳಲ್ಲಿ ರೇಡಿಯೊ ಇದ್ದೂ ಈ ತಂತಿ ಜೋಡಿಸಿರಲ್ಲ, ನಂಬರೂ ಹಾಕಿರಲ್ಲ. ನನಗೆ ಇದನ್ನು ನೋಡಿದರೆ ನಿಜಕ್ಕೂ ಸಂಕಟ ಆಗುತ್ತದೆ.

ಹಾಂ, ಟ್ರ್ಯಾಕ್, ಅಂದರೆ ಬೋಟು ಹೋದ ದಾರಿಯ ಗೆರೆ, ಉಳಿಸೋದನ್ನು ಬಿಡಬೇಡಿ. ನಮ್ಮ ಮಲ್ಪೆ, ಗಂಗೊಳ್ಳಿ ಕಡೆಯ ಟ್ರಾಲ್ ಬೋಟಿನವರು ಬಲೆ ಸಿಕ್ಕಿಕೊಳ್ಳುವ ಕಲ್ಲುಗಳನ್ನು ಜಿಪಿಎಸ್ಸಿನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತಾರೆ. ಯಾವ ಕಂಪನಿಯ ಚಾರ್ಟಿನಲ್ಲೂ ಅಷ್ಟು ವಿವರ ಸಿಗಲ್ಲ. ನೀವೂ ಹಗಲಲ್ಲಿ, ಮಂಜಿಲ್ಲದಾಗ, ಮರೀನಾದಿಂದ ಹೊರಗೆ ಹೋದ ದಾರಿಯನ್ನು ಉಳಿಸಿಡಿ. ಸಂಜೆ ಇದ್ದಕ್ಕಿದ್ದಂತೆ ಮಂಜು ಮುಸುಕಿದರೆ ಅದೇ ಗೆರೆ ಹಿಡಿದು ನಿಧಾನಕ್ಕೆ ಒಳಗೆ ಬರಬಹುದು. ಪ್ಲಾಟರ್ ಕೊಳ್ಳುವಾಗ ಟ್ರ್ಯಾಕನ್ನು ಮೆಮೊರಿ ಕಾರ್ಡಿಗೆ ತೆಗೆದಿಡಲು ಬರುತ್ತಾ ಅಂತ ಕೇಳಿ.

ಯಾವ ಮರೀನಾದಿಂದ ಹೊರಡುತ್ತೀರಿ, ಬೋಟಿನ ಡ್ರಾಫ್ಟ್ ಎಷ್ಟು, ಬಜೆಟ್ ಎಷ್ಟು, ಈ ಮೂರನ್ನೂ ಕೆಳಗೆ ಬರೆಯಿರಿ. ಮಾದರಿಗಳ ಹೆಸರು ಹಿಡಿದು ಅಲ್ಲೇ ಮಾತಾಡೋಣ.