ಸಾಲ, ಸೈನ್ಯ ಮತ್ತು ಆದಿಕಾಲದ ರೋಮ್

ಕೇಳುಗರಿಗೆ ನಮಸ್ಕಾರ.

ಕ್ರಿಸ್ತಪೂರ್ವ 495ರಲ್ಲಿ ರೋಮ್ ನಗರದ ಫೋರಂ ಎಂಬ ಬಯಲಿಗೆ ಒಬ್ಬ ಮುದುಕ ನುಗ್ಗಿಬಂದನೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಉಟ್ಟದ್ದು ಕೊಳಕು ಬಟ್ಟೆ, ಮೈ ಸೊರಗಿ ಬಿಳಿಚಿತ್ತು, ಗಡ್ಡ ತಲೆಗೂದಲು ಕೆದರಿದ್ದವು. ಆದರೂ ಜನ ಅವನನ್ನು ಗುರುತಿಸಿದರು. ಹಿಂದೆ ಸೈನ್ಯದಲ್ಲಿ ದಳನಾಯಕನಾಗಿದ್ದವನು ಅವನು. ಸಬೈನರೆಂಬ ನೆರೆಯ ಜನರ ಮೇಲಿನ ಯುದ್ಧಕ್ಕೆ ಹೋಗಿದ್ದಾಗ ಶತ್ರುಗಳು ಅವನ ಮನೆ ಸುಟ್ಟು, ಬೆಳೆ ಹಾಳುಮಾಡಿ, ದನಗಳನ್ನು ಹೊಡೆದುಕೊಂಡು ಹೋದರು. ಅದೇ ಹೊತ್ತಿಗೆ ಕಂದಾಯ ಕಟ್ಟಬೇಕಾಗಿ ಬಂದು ಸಾಲ ಮಾಡಿದ. ಬಡ್ಡಿ ಬೆಳೆದು ಮೊದಲು ಅಜ್ಜನ ಕಾಲದ ಹೊಲ ಹೋಯಿತು, ಉಳಿದ ಆಸ್ತಿ ಹೋಯಿತು, ಕಡೆಗೆ ಅವನ ದೇಹವೇ ಸಾಲ ಕೊಟ್ಟ ಸಾಲಿಗನ ಪಾಲಾಯಿತು. ಎದೆಯ ಮೇಲೆ ಯುದ್ಧದ ಗಾಯಗಳಿದ್ದವು. ಬೆನ್ನು ತೋರಿಸಿದರೆ ಅಲ್ಲಿ ಚಾವಟಿಯ ಹಸಿ ಬರೆಗಳಿದ್ದವು.

ಲಿವಿ ಇದನ್ನು ಬರೆದದ್ದು ಘಟನೆ ನಡೆದ ಸುಮಾರು ನಾಲ್ಕೂವರೆ ಶತಮಾನಗಳ ಮೇಲೆ. ಆದ್ದರಿಂದ ಆ ಮುದುಕನ ಒಂದೊಂದು ಮಾತನ್ನೂ ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಅವನು ಹೇಳಿಕೊಂಡ ಪಾಡು ಕಟ್ಟುಕಥೆಯಲ್ಲ, ಅದಕ್ಕೆ ರೋಮನ್ನರ ಕಾನೂನೇ ಸಾಕ್ಷಿ. ಆದಿಕಾಲದ ರೋಮಿನ ಆಡಳಿತ ಬೆಳೆದ ಬಗೆಯನ್ನು ಅರಿಯಲು ರಾಜರ ಕಥೆಗಳಿಗಿಂತ ಈ ಸಾಲದ ಕಥೆಯೇ ಹೆಚ್ಚು ನೆರವಾಗುತ್ತದೆ ಎಂದು ನನಗನ್ನಿಸುತ್ತದೆ.

ಆ ಕಾಲದ ಸಾಮಾನ್ಯ ರೋಮನ್ ಒಬ್ಬ ಸಣ್ಣ ರೈತ. ಅವನ ಮನೆಯ ನಿತ್ಯದ ಊಟ ಗೋಧಿಯ ಅಂಬಲಿ. ಅದು ನಮ್ಮ ಉತ್ತರ ಕರ್ನಾಟಕದಲ್ಲಿ ಇಂದಿಗೂ ಬೆಳೆಯುವ ಜವೆಗೋಧಿಯ ಜಾತಿಗೇ ಸೇರಿದ ಕಾಳು. ಜೊತೆಗೆ ಸೊಪ್ಪು, ಬೇಳೆಕಾಳು, ಆಲಿವ್ ಹಣ್ಣು. ಮಾಂಸ ಸಿಗುತ್ತಿದ್ದುದು ಹೆಚ್ಚಾಗಿ ಬಲಿ ಕೊಟ್ಟ ಹಬ್ಬದ ದಿನ. ಎಂಟು ದಿನಕ್ಕೊಮ್ಮೆ ಸಂತೆ ಕೂಡುತ್ತಿತ್ತು. ಹೆಂಗಸರು ಮನೆಯಲ್ಲೇ ಉಣ್ಣೆ ನೂತು ಬಟ್ಟೆ ನೇಯುತ್ತಿದ್ದರು. ಮನೆಯ ಹಿರಿಯನಿಗೆ ಮಕ್ಕಳ ಮೇಲೆ ಪ್ರಾಣ ತೆಗೆಯುವಷ್ಟು ಅಧಿಕಾರವಿತ್ತು. ಮಗನನ್ನು ಮಾರುವ ಹಕ್ಕೂ ಇತ್ತು. ಮೂರು ಸಲ ಮಾರಿದ ತಂದೆಯಿಂದ ಮಗ ಬಿಡುಗಡೆ ಹೊಂದುತ್ತಾನೆ ಎಂದು ಕಾನೂನು ಹೇಳುತ್ತಿತ್ತು ಎಂದರೆ ಮೊದಲೆರಡು ಸಲದ ಬಗ್ಗೆ ಅದಕ್ಕೆ ತಕರಾರು ಇರಲಿಲ್ಲ ಎಂದಾಯಿತು. ಆಗಿನ್ನೂ ನಾಣ್ಯಗಳಿಲ್ಲ. ಕಂಚಿನ ತುಂಡುಗಳನ್ನು ತಕ್ಕಡಿಯಲ್ಲಿ ತೂಗಿ, ಸಾಕ್ಷಿಗಳ ಎದುರು ಸಾಲ ಪಡೆಯುವವನು ತನ್ನ ಮೈದುಡಿಮೆಯನ್ನೇ ಅಡವಿಡುತ್ತಿದ್ದ.

ಇದೇ ರೈತ ಯುದ್ಧದ ಕರೆ ಬಂದಾಗ ತನ್ನ ಖರ್ಚಿನಲ್ಲೇ ಆಯುಧ ಹೊಂದಿಸಿಕೊಂಡು ಹೊರಡಬೇಕಿತ್ತು. ಸೈನಿಕರಿಗೆ ಸಂಬಳವೆಂಬುದು ಬಂದದ್ದೇ ಕ್ರಿಸ್ತಪೂರ್ವ 406ರ ಸುಮಾರಿಗೆ, ಅಂದರೆ ಆ ಮುದುಕನ ಕಾಲಕ್ಕೆ ಸುಮಾರು ತೊಂಬತ್ತು ವರ್ಷಗಳ ನಂತರ.

ಇನ್ನು ಅಧಿಕಾರ ಯಾರ ಕೈಯಲ್ಲಿತ್ತು? ಸಂಪ್ರದಾಯದ ಪ್ರಕಾರ ಕ್ರಿಸ್ತಪೂರ್ವ 509ರಲ್ಲಿ ರೋಮನ್ನರು ಟಾರ್ಕ್ವಿನ್ ಎಂಬ ಕೊನೆಯ ರಾಜನನ್ನು ಓಡಿಸಿ, ಅವನ ಸ್ಥಾನಕ್ಕೆ ವರ್ಷಕ್ಕೊಮ್ಮೆ ಚುನಾಯಿತರಾಗುವ ಇಬ್ಬರು ಕಾನ್ಸಲ್‌ಗಳನ್ನು ತಂದರು. ಒಬ್ಬನ ಆಜ್ಞೆಯನ್ನು ಇನ್ನೊಬ್ಬ ತಡೆಯಬಹುದಿತ್ತು. ಸಲಹೆ ನೀಡಲು ಹಿರಿಯರ ಸೆನೆಟ್ ಇತ್ತು. ಆದರೆ ಕ್ರಮೇಣ ಈ ಸ್ಥಾನಗಳೂ ಪೌರೋಹಿತ್ಯವೂ ಪೆಟ್ರೀಷಿಯನ್ನರೆಂಬ ಕೆಲವೇ ಕುಲೀನ ಮನೆತನಗಳ ಸ್ವತ್ತಾದವು, ಉಳಿದವರೆಲ್ಲ ಪ್ಲೀಬಿಯನ್ನರು. ಪ್ಲೀಬಿಯನ್ನರಿಗೆ ಮತವಿರಲಿಲ್ಲವೆಂದಲ್ಲ, ಮತ ಎಣಿಸುವ ರೀತಿಯಲ್ಲೇ ಗುಟ್ಟು ಅಡಗಿತ್ತು. ಸಭೆಯನ್ನು ಆಸ್ತಿಯ ಪ್ರಕಾರ 193 ಗುಂಪುಗಳಾಗಿ ವಿಂಗಡಿಸಿ, ಗುಂಪಿಗೊಂದು ಮತವೆಂದು ಲೆಕ್ಕ ಹಿಡಿಯುತ್ತಿದ್ದರು. ಕುದುರೆ ಸವಾರರಿಗೆ 18, ಮೊದಲ ದರ್ಜೆಯ ಸಿರಿವಂತರಿಗೆ 80. ಇಬ್ಬರೂ ಕೂಡಿದರೆ 98, ಅಲ್ಲಿಗೆ ಬಹುಮತ ಮುಗಿಯಿತು. ಏನೂ ಇಲ್ಲದ ಬಡವರೆಲ್ಲ ಸೇರಿ ಒಂದೇ ಗುಂಪು, ಅವರ ಸರದಿ ಕೊನೆಗೆ.

ಮತದಿಂದ ಆಗದ್ದನ್ನು ಪ್ಲೀಬಿಯನ್ನರು ಬೇರೆ ದಾರಿಯಿಂದ ಸಾಧಿಸಿದರು. ಕ್ರಿಸ್ತಪೂರ್ವ 494ರಲ್ಲಿ ಅವರು ಅನಿಯೋ ನದಿಯಾಚೆ, ನಗರದಿಂದ ಮೂರು ಮೈಲಿ ದೂರದ ಪವಿತ್ರ ಗುಡ್ಡಕ್ಕೆ ಹೋಗಿ ಕುಳಿತುಬಿಟ್ಟರು. ಯಾರನ್ನೂ ಕೊಲ್ಲಲಿಲ್ಲ, ಏನನ್ನೂ ಸುಡಲಿಲ್ಲ. ಸುತ್ತ ಶತ್ರುಗಳಿರುವ ಊರಿಗೆ ಸೈನಿಕರೇ ಇಲ್ಲವಾದಾಗ ಕುಲೀನರು ಸಂಧಿಗೆ ಬಂದರು. ಹೀಗೆ ಹುಟ್ಟಿದ್ದು ಟ್ರಿಬ್ಯೂನ್ ಎಂಬ ಹುದ್ದೆ. ಕಾನ್ಸಲ್ ಒಬ್ಬ ಪ್ಲೀಬಿಯನ್‌ನನ್ನು ಹಿಡಿದು ಎಳೆದೊಯ್ಯುವಾಗ ಟ್ರಿಬ್ಯೂನ್ ನಡುವೆ ನಿಂತು ತಡೆಯಬಹುದಿತ್ತು. ಅವನ ಮೇಲೆ ಕೈಮಾಡಿದವನ ಪ್ರಾಣಕ್ಕೆ ರಕ್ಷಣೆ ಇರಲಿಲ್ಲ. ಮೊರೆಯಿಡಲು ಬರುವವರಿಗಾಗಿ ಅವನ ಮನೆಯ ಬಾಗಿಲು ಹಗಲೂ ರಾತ್ರಿಯೂ ತೆರೆದಿರಬೇಕಿತ್ತು, ಅವನು ಊರು ಬಿಟ್ಟು ಬೇರೆಡೆ ರಾತ್ರಿ ಕಳೆಯುವಂತಿರಲಿಲ್ಲ.

ಅಲ್ಲಿಯವರೆಗೆ ಕಾನೂನು ಬರವಣಿಗೆಯಲ್ಲಿರಲಿಲ್ಲ. ಕುಲೀನ ಪುರೋಹಿತರು ಹೇಳಿದ್ದೇ ನ್ಯಾಯ. ಕ್ರಿಸ್ತಪೂರ್ವ 451 ಮತ್ತು 450ರಲ್ಲಿ ಅದನ್ನು ಹನ್ನೆರಡು ಫಲಕಗಳಲ್ಲಿ ಬರೆಸಿ ಎಲ್ಲರಿಗೂ ಕಾಣುವಂತೆ ಇಟ್ಟರು. ಮೂಲ ಫಲಕಗಳು ಉಳಿದಿಲ್ಲ, ನಂತರದ ಲೇಖಕರು ಉದ್ಧರಿಸಿದ ಸಾಲುಗಳಷ್ಟೇ ನಮಗೆ ದೊರೆತಿವೆ. ಪರರ ಮರ ಕಡಿದವನಿಗೆ 25 ಆಸ್ (ಕಂಚನ್ನು ತೂಗುವ ಅಳತೆ) ದಂಡ. ಮೂಳೆ ಮುರಿದರೆ, ಪೆಟ್ಟು ತಿಂದವನು ಸ್ವತಂತ್ರನಾಗಿದ್ದರೆ 300, ಗುಲಾಮನಾಗಿದ್ದರೆ 150. ಸತ್ತವರನ್ನು ಊರೊಳಗೆ ಹೂಳಬಾರದು, ಸುಡಬಾರದು. ಸಾಲಗಾರನ ಸಂಗತಿ ಮಾತ್ರ ವಿವರವಾಗಿದೆ. ತೀರ್ಪಾದ ಮೇಲೆ ಅವನಿಗೆ 30 ದಿನಗಳ ಗಡುವು. ತೀರಿಸದಿದ್ದರೆ ಸಾಲಿಗ ಅವನನ್ನು ಹಿಡಿದೊಯ್ದು 15 ಪೌಂಡ್ ತೂಕದ ಸಂಕೋಲೆ ಹಾಕಬಹುದು, ದಿನಕ್ಕೆ ಒಂದು ಪೌಂಡ್ ಕಾಳು ಕೊಡಬೇಕು. 60 ದಿನ ಹಾಗೆ ಇಟ್ಟುಕೊಂಡು, ಸಾಲುಸಾಲಾಗಿ ಮೂರು ಸಂತೆಗಳಲ್ಲಿ ಅವನನ್ನು ನಿಲ್ಲಿಸಿ ಸಾಲದ ಮೊತ್ತವನ್ನು ಸಾರಬೇಕು. ಆಗಲೂ ಯಾರೂ ಬಿಡಿಸಿಕೊಳ್ಳದಿದ್ದರೆ ಟೈಬರ್ ನದಿಯಾಚೆ ಮಾರಬಹುದು ಅಥವಾ ಕೊಲ್ಲಬಹುದು. ಬರವಣಿಗೆಗೆ ಬಂದ ಮಾತ್ರಕ್ಕೆ ಕಾನೂನು ಮೃದುವಾಗಲಿಲ್ಲ. ಆದರೆ ಎಷ್ಟು ದಿನ, ಎಷ್ಟು ತೂಕ, ಎಷ್ಟು ಕಾಳು ಎಂಬುದು ಇನ್ನು ಸಾಲಿಗನ ಮರ್ಜಿಗೆ ಬಿಟ್ಟದ್ದಾಗಿರಲಿಲ್ಲ.

ಮುಂದಿನ ಗೆಲುವುಗಳು ನಿಧಾನವಾಗಿ ಬಂದವು. 445ರಲ್ಲಿ ಎರಡು ವರ್ಗಗಳ ನಡುವಿನ ಮದುವೆಗೆ ಇದ್ದ ನಿಷೇಧ ಹೋಯಿತು; 367ರಲ್ಲಿ ಕಾನ್ಸಲ್ ಹುದ್ದೆ ಪ್ಲೀಬಿಯನ್ನರಿಗೂ ತೆರೆಯಿತು; 287ರಲ್ಲಿ ಅವರ ಸಭೆಯ ನಿರ್ಣಯಗಳು ಇಡೀ ರೋಮಿಗೆ ಕಾನೂನಾದವು. ಇವುಗಳ ಲಾಭ ಪಡೆದವರಲ್ಲಿ ಸಿರಿವಂತ ಪ್ಲೀಬಿಯನ್ನರೇ ಹೆಚ್ಚು. ಬಡ ರೈತನಿಗೆ ನೇರವಾಗಿ ತಟ್ಟಿದ್ದು ಲಿವಿ 326ರಲ್ಲಿ ಇರಿಸುವ ಪೊಯಟೀಲಿಯನ್ ಕಾನೂನು. ಸಾಲಕ್ಕೆ ಸಾಲಗಾರನ ಆಸ್ತಿ ಹೊಣೆಯೇ ಹೊರತು ಅವನ ದೇಹವಲ್ಲ ಎಂದು ಅದು ವಿಧಿಸಿತು. ಅಷ್ಟರಲ್ಲಿ ದುಡಿಯುವ ಕೈಗಳು ಬೇರೆಡೆಯಿಂದ ಬರತೊಡಗಿದ್ದವು. 396ರಲ್ಲಿ ರೋಮನ್ನರು ವೇಯಿ ನಗರವನ್ನು ಗೆದ್ದಾಗ ಅಲ್ಲಿ ಬದುಕುಳಿದ ಜನರನ್ನು ಗುಲಾಮರನ್ನಾಗಿ ಮಾರಿದ್ದರು. ಮುಂದಿನ ಯುದ್ಧಗಳು ಅಂಥ ಸೆರೆಯಾಳುಗಳನ್ನು ಸಿರಿವಂತರ ಹೊಲಗಳಿಗೆ ಇನ್ನೂ ದೊಡ್ಡ ಸಂಖ್ಯೆಯಲ್ಲಿ ತಂದವು.